ಭೀಮ ಜೀಪು ಭೀಮಮ್ಮನಾದದ್ದು

ದೋಣಿಯಂತೆ ಗಾಡಿಯನ್ನೂ ಜನ ಹೆಣ್ಣೆಂದು ಕರೆಯುವುದೇಕೆ ಎಂದು ಪಂಡಿತರು ಏನಾದರೂ ಹೇಳಿಕೊಳ್ಳಲಿ, ಸ್ವಾಮಿ, ಅದು ಶುರುವಾದದ್ದು ತದಡಿಯ ಕಡಲ ದಂಡೆಯಲ್ಲಿ. ಮೀನು ತುಂಬಲು ಬಂದ ಭೀಮ ಎಂಬ ಜೀಪು ನಡುಮರಳಿನಲ್ಲಿ ನಿಂತುಬಿಟ್ಟಿತು. ಉಬ್ಬರದ ನೀರು ಏರುತ್ತಿತ್ತು. ಯಜಮಾನ ದುಗ್ಗಪ್ಪ ಖಾರ್ವಿ, "ಏಳೋ ಕತ್ತೆ" ಎಂದು ಚಕ್ರಕ್ಕೆ ಒದೆಯತೊಡಗಿದ.

ಪಕ್ಕದಲ್ಲಿದ್ದ ಗಂಗಮ್ಮ ಎಂಬ ದೋಣಿ ಕೇಳಿತು: "ಯಾಕೆ ತಮ್ಮಾ, ಮುಳುಗುವ ಯೋಚನೆಯೇ?"

"ಒದೆಸಿಕೊಂಡು ಏಳುವವನಲ್ಲ ನಾನು. ನಿನ್ನನ್ನೇಕೆ ಯಾರೂ ಒದೆಯುವುದಿಲ್ಲ, ಅಕ್ಕಾ?"

"ನನ್ನನ್ನು ತಾಯಿ ಅನ್ನುತ್ತಾರೆ. ಈ ಊರಿನ ಗಂಡಸು ಇನ್ನೊಬ್ಬ ಗಂಡಸಿಗೆ ಕೈಮುಗಿಯುವುದಿಲ್ಲ. ನೀನೂ ಹೆಣ್ಣಾಗು."

"ಬಂಪರಿನ ಮೇಲೆ ಮೀಸೆ ಬರೆಸಿಕೊಂಡಿದ್ದೇನೆ. ನನ್ನ ಮರ್ಯಾದೆ ಏನಾಗಬೇಕು?"

"ಉಪ್ಪುನೀರು ಎಂಜಿನ್ನಿಗೆ ಹೊಕ್ಕರೆ ಗುಜರಿಯವನು ಮೀಸೆ ನೋಡುವುದಿಲ್ಲ, ತೂಕ ನೋಡುತ್ತಾನೆ."

ನೀರು ಬಂಪರಿಗೆ ಮುಟ್ಟಿತು. ಖಾರ್ವಿಯ ಬಳಿ ಇದ್ದ ಬೈಗುಳವೆಲ್ಲ ತೀರಿತು. ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅವನು ಕೈಮುಗಿದ: "ತಾಯೀ ಭೀಮಮ್ಮಾ, ಇದೊಂದು ಸಲ ಕಾಪಾಡೇ."

ಜೀಪು ಗುರ್ರೆಂದು ಒಂದೇ ಉಸಿರಿಗೆ ದಂಡೆ ಹತ್ತಿತು.

ಮರುದಿನ ಬೆಳಿಗ್ಗೆ ಖಾರ್ವಿ ಎಷ್ಟು ಕೈಮುಗಿದರೂ ಅದು ಮಿಸುಕಲಿಲ್ಲ. ಅವನ ಹೆಂಡತಿ ಬಾಗಿಲಿಂದಲೇ ಹೇಳಿದಳು: "ಬರಿಗೈಲಿ ಕರೆದರೆ ಯಾವ ಹೆಂಗಸು ಹೊರಡ್ತಾಳೆ? ಮೊದಲು ಹೂವು ತನ್ನಿ."

ಅಬ್ಬಲಿಗೆ ಹೂವಿನ ದಂಡೆಯನ್ನು ಕನ್ನಡಿಗೆ ಮುಡಿಸಿದ ಮೇಲೆಯೇ ಭೀಮಮ್ಮ ಹೊರಟದ್ದು.