ಹಿಂದಿನ ಸೀಟು

"ಅಜ್ಜಾ, ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಆಮೇಲೆ ಸದ್ದಿಲ್ಲದೆ ಬಿಟ್ಟು ಹೋಗುತ್ತಾರೆ. ಇದು ಯಾಕೆ?"

ಕೇಳಿದವನು ತಿಪ್ಪೇಶಿ, ದವಸದ ಮಂಡಿಯ ಹಮಾಲರ ಸಂಘದ ಅಧ್ಯಕ್ಷ. ಕೇಳಿಸಿಕೊಂಡವನು ಕರಿಬಸಜ್ಜ. ಆ ಸಂಘವನ್ನು ಕಟ್ಟಿದವನು ಅವನೇ. ತಿಪ್ಪೇಶಿಗೆ ಭಾಷಣವನ್ನೂ ಜಗಳವನ್ನೂ ಕಲಿಸಿದವನೂ ಅವನೇ. ಹಮಾಲರು ಒಬ್ಬೊಬ್ಬರಾಗಿ ಸಂಘ ಬಿಡುತ್ತಿದ್ದರು. ಕೂಲಿ ದರದ ಮಾತುಕತೆ ಹತ್ತಿರ ಬಂದಿತ್ತು. ಹೀಗೇ ಆದರೆ ವರ್ತಕರ ಮುಂದೆ ತಾನೊಬ್ಬನೇ ನಿಲ್ಲಬೇಕಾಗುತ್ತದೆ ಎಂಬ ಭಯ ತಿಪ್ಪೇಶಿಗೆ ಹತ್ತಿತ್ತು. ಇಸ್ತ್ರಿಯ ಬಿಳಿ ಅಂಗಿ ಮುದುಡದಂತೆ ಕಟ್ಟೆಯ ಅಂಚಿನಲ್ಲಿ ಕೂತು ಅವನು ಉತ್ತರಕ್ಕೆ ಕಾದ.

ಅಜ್ಜ ಹೇಳಿದ:

ಒಬ್ಬ ಸೀರೆ ವ್ಯಾಪಾರಿ ಇದ್ದ. ಗಂಡ ಹೆಂಡತಿ ಇಬ್ಬರೂ ಬೈಕಿನಲ್ಲಿ ಸಂತೆಯಿಂದ ಸಂತೆಗೆ ಹೋಗುತ್ತಿದ್ದರು. ಅವನು ಓಡಿಸುವವನು. ಅವಳು ಹಿಂದೆ, ಸೀರೆಯ ಗಂಟು ಅವಳ ತೊಡೆಯ ಮೇಲೆ. ಮಾರುವವಳೂ ಅವಳೇ. ಅವಳಿಲ್ಲದೆ ಅವನು ಕೂತರೆ ಒಂದು ಸೀರೆಯೂ ಹೋಗುತ್ತಿರಲಿಲ್ಲ.

ಹಳೆಯ ಗಾಡಿಯಲ್ಲಿ ಹೆಂಡತಿಗೆ ಸೊಂಟ ನೋವು. ವ್ಯಾಪಾರಿ ಕೆಟ್ಟವನಲ್ಲ. ಗಾಡಿಯನ್ನು ಪೂರ್ತಿ ಬಿಚ್ಚಿಸಿ, ಅವಳ ಸುಖಕ್ಕೆಂದೇ ಹೊಸದಾಗಿ ಕಟ್ಟಿಸಲು ಹೊರಟ. ಅಗಲದ ಸೀಟು ಆಯಿತು. ಕಾಲಿಡಲು ಉದ್ದದ ಪಟ್ಟಿ ಆಯಿತು. ಕೊನೆಗೆ ಹಿಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಆರಿಸುವುದು ಉಳಿಯಿತು.

ಮೆಕ್ಯಾನಿಕ್ ಎರಡು ಜೊತೆ ಮುಂದಿಟ್ಟ. ಒಂದರ ಸ್ಪ್ರಿಂಗು ಮೆದು, ಇನ್ನೊಂದರದು ಗಟ್ಟಿ. "ಕೂರುವವರು ಯಾರು ಸಾಹುಕಾರ್ರೇ?" ಎಂದು ಕೇಳಿದ.

"ನಾವಿಬ್ಬರು. ಜೊತೆಗೆ ಗಂಟು."

"ಹಾಗಾದರೆ ಅಕ್ಕನನ್ನೂ ಕರೆದುಕೊಂಡು ಬನ್ನಿ. ಗಂಟು ಸಮೇತ ಕೂರಿಸಿ ನೋಡಿ ಹಾಕೋಣ."

"ಅವಳಿಗೆ ಗಾಡಿ ವಿಷಯ ಏನಯ್ಯಾ ಗೊತ್ತು? ಮೆತ್ತಗಿರುವುದು ಹಾಕು. ಸುಖ ಅಂದರೆ ಮೆತ್ತಗಿರಬೇಕು."

ಮೆಕ್ಯಾನಿಕ್ ಹಾಕಿದ. ಎಲ್ಲರೂ ಮಾಡುವ ಹಾಗೆ ವ್ಯಾಪಾರಿ ಎರಡು ಅಂಗೈ ಊರಿ ಸೀಟನ್ನು ಒತ್ತಿ ನೋಡಿದ. ಅದು ಹಾಸಿಗೆಯ ಹಾಗೆ ಕುಸಿದು ಮೇಲೆದ್ದಿತು. ಅಂಗಡಿಯಲ್ಲಿದ್ದವರೂ ಒಬ್ಬೊಬ್ಬರಾಗಿ ಬಂದು ಒತ್ತಿದರು, ತಲೆಯಾಡಿಸಿದರು. ಹೆಂಡತಿಗಾಗಿ ಕಟ್ಟಿದ ಗಾಡಿಯನ್ನು ಊರೆಲ್ಲ ಒತ್ತಿ ನೋಡಿತು. ಹೆಂಡತಿಯನ್ನು ಮಾತ್ರ ಯಾರೂ ಕರೆಯಲಿಲ್ಲ.

ಮೊದಲ ಸಂತೆಗೆ ಹೋಗುವಾಗ ವ್ಯಾಪಾರಿ ಕತ್ತು ತಿರುಗಿಸಿ ಕೇಳಿದ, "ಹೇಗಿದೆ?"

"ಚೆನ್ನಾಗಿದೆ," ಎಂದಳು.

ಮುಂದಿನ ಸಂತೆಗೂ ಕೇಳಿದ. ಚೆನ್ನಾಗಿದೆ ಎಂದಳು. ಅದರ ಮುಂದಿನ ಸಂತೆಗೆ ಅವಳು ಬಸ್ಸಿನಲ್ಲಿ ಬಂದಳು. ಆಮೇಲೆ ದೂರದ ಸಂತೆಗೆ, "ನೀವೇ ಹೋಗಿ ಬನ್ನಿ," ಎಂದು ಮನೆಯಲ್ಲೇ ಉಳಿದಳು.

ವ್ಯಾಪಾರಿಗೆ ಮೊದಲು ಸಿಟ್ಟು ಬಂತು. ಆಮೇಲೆ ಸೋಜಿಗವಾಯಿತು. ಚೆನ್ನಾಗಿದೆ ಅನ್ನುವವಳು ಬಸ್ಸಿನಲ್ಲಿ ನಿಂತುಕೊಂಡು ಯಾಕೆ ಬರುತ್ತಾಳೆ? ಕೊನೆಗೆ ಕೇಳಿಯೇ ಬಿಟ್ಟ, "ಏನು ಕೊರತೆ ಈ ಗಾಡಿಗೆ? ಬಾಯಿಬಿಟ್ಟು ಹೇಳಬಾರದೇನೇ?"

"ಹೇಳಿದರೆ ತಿಳಿಯುವುದಿಲ್ಲ. ಕೀಲಿ ಕೊಡಿ."

ತವರಿನಲ್ಲಿ ಅಣ್ಣನ ಬೈಕು ಓಡಿಸಿ ಪಳಗಿದವಳು ಅವಳು. ಮದುವೆಯಾದ ಮೇಲೆ ಆ ವಿಷಯವನ್ನು ಯಾರೂ ಕೇಳಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಕೂತಳು. ಗಂಡನನ್ನು ಹಿಂದೆ ಕೂರಿಸಿದಳು. ಗಂಟನ್ನು ಅವನ ತೊಡೆಯ ಮೇಲೆ ಇಟ್ಟಳು.

ತಿಪ್ಪೇಶಿ, ಗಾಡಿಯಲ್ಲಿ ಮುಂದೆ ಕೂತವನು ಎರಡು ಚಕ್ರಗಳ ನಡುವೆ ಇರುತ್ತಾನೆ. ಹಿಂದೆ ಕೂತವರು ಹಿಂದಿನ ಚಕ್ರದ ನೆತ್ತಿಯ ಮೇಲೆ ಇರುತ್ತಾರೆ. ಗುಂಡಿ ಒಂದೇ, ಏಟು ಒಂದೇ ಅಲ್ಲ. ಮೊದಲ ಹಂಪ್ ಬಂತು. ಆ ಮೆದು ಸ್ಪ್ರಿಂಗು ಇಬ್ಬರ ಭಾರಕ್ಕೆ ಮೊದಲೇ ಅರ್ಧ ಕುಸಿದಿತ್ತು. ಹಂಪಿಗೆ ಪೂರ್ತಿ ಕುಸಿದು, ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು. ವ್ಯಾಪಾರಿಯ ಬೆನ್ನಿನ ಬುಡದಿಂದ ಹೊರಟ ನೋವು ಕತ್ತಿನವರೆಗೆ ಏರಿತು. ಹಿಡಿದುಕೊಳ್ಳೋಣವೆಂದರೆ ಕೈಯಲ್ಲಿ ಗಂಟು.

ಹೆಂಡತಿ ಕತ್ತು ತಿರುಗಿಸಿದಳು. "ಹೇಗಿದೆ ರೀ?"

ವ್ಯಾಪಾರಿ ಹೇಳಿದ, "ಚೆನ್ನಾಗಿದೆ."

ಇಲ್ಲಿ ತಿಪ್ಪೇಶಿಗೆ ತಡೆಯಲಾಗಲಿಲ್ಲ. "ಸುಳ್ಳು ಯಾಕೆ ಹೇಳಿದ ಅಜ್ಜಾ? ನೋವು ಅವನದೇ, ಗಾಡಿಯೂ ಅವನದೇ. ಕೇಳಿದವಳು ಹೆಂಡತಿ. ಯಾರ ಭಯ?"

"ಅವನೂ ಅದನ್ನೇ ಯೋಚಿಸಿದ," ಎಂದ ಅಜ್ಜ. "ಓಡಿಸುತ್ತಿರುವವರ ಗಮನ ಕೆಡಿಸಬಾರದು ಅನ್ನಿಸಿತಂತೆ. ಇಳಿಸಿಬಿಟ್ಟರೆ ನಡೆಯಬೇಕಲ್ಲ ಅನ್ನಿಸಿತಂತೆ. ಅಷ್ಟು ಆಸೆಯಿಂದ ಕಟ್ಟಿಸಿದ ಗಾಡಿಯನ್ನು ಹೇಗೆ ಹಳಿಯುವುದು ಎಂದೂ ಅನ್ನಿಸಿತಂತೆ, ಕಟ್ಟಿಸಿದವನು ತಾನೇ ಆಗಿದ್ದರೂ! ಇಷ್ಟೆಲ್ಲ ಅನ್ನಿಸುವ ಹೊತ್ತಿಗೆ ಬಾಯಿ ಚೆನ್ನಾಗಿದೆ ಎಂದು ಹೇಳಿ ಮುಗಿಸಿತ್ತು."

ಅಜ್ಜ ಮುಂದುವರಿಸಿದ:

ಅವಳು ಗಾಡಿ ನಿಲ್ಲಿಸಲಿಲ್ಲ. ನೇರ ಮೆಕ್ಯಾನಿಕ್ ಅಂಗಡಿಗೆ ಬಿಟ್ಟಳು. ವ್ಯಾಪಾರಿ ಸೊಂಟ ಹಿಡಿದುಕೊಂಡು ಇಳಿದ. "ಗಟ್ಟಿಯದು ಹಾಕಪ್ಪಾ," ಎಂದ. ಈ ಸಲ ಹೆಂಡತಿಯನ್ನು ಗಂಟು ಸಮೇತ ಹಿಂದೆ ಕೂರಿಸಿ, ತಾನು ಮುಂದೆ ಕೂತು, ಎಷ್ಟು ಕುಸಿಯುತ್ತದೆಂದು ನೋಡಿ ಸ್ಪ್ರಿಂಗು ಬಿಗಿಸಿದರು. ಅಂಗಡಿಯವರು ಬಂದು ಅಂಗೈ ಊರಿ ಒತ್ತಿದರು. ಸೀಟು ಅಲುಗಲಿಲ್ಲ. "ಸ್ಪ್ರಿಂಗ್ ಹಾಕಿಸಿದ್ದೀಯೋ, ಚಪ್ಪಡಿ ಕಲ್ಲು ಹಾಕಿಸಿದ್ದೀಯೋ?" ಎಂದು ನಕ್ಕರು. ನಗಲಿ. ಅವರ್ಯಾರೂ ಅದರ ಮೇಲೆ ಸಂತೆಗೆ ಹೋಗುವವರಲ್ಲ.

ಅವಳು ಮತ್ತೆ ಸಂತೆಗೆ ಬಂದಳು. ಒಬ್ಬನೇ ಓಡಿಸುವಾಗ ಆ ಗಟ್ಟಿ ಸ್ಪ್ರಿಂಗು ವ್ಯಾಪಾರಿಯನ್ನು ಸ್ವಲ್ಪ ಎತ್ತಿ ಹಾಕುತ್ತಿತ್ತು. ಅವನು ಅದನ್ನು ಸಹಿಸಿಕೊಂಡ. ಅಂದಿನಿಂದ ಓಡಿಸುತ್ತ ಹೇಗಿದೆ ಎಂದು ಕೇಳುವುದನ್ನೂ ಬಿಟ್ಟ. ಸಂತೆಯಿಂದ ಬರುವಾಗ ಕೀಲಿ ಅವಳಿಗೆ ಕೊಟ್ಟು, ಗಂಟು ಇಟ್ಟುಕೊಂಡು ತಾನು ಹಿಂದೆ ಕೂರುತ್ತಿದ್ದ.

ಅಜ್ಜನ ಕತೆ ಮುಗಿಯಿತು. ತಿಪ್ಪೇಶಿಯ ಮುಖ ಅರಳಿತು.

"ತಿಳಿಯಿತು ಅಜ್ಜಾ. ಭಾನುವಾರ ಸಭೆ ಕರೆಯುತ್ತೇನೆ. ವೇದಿಕೆಯ ಮೇಲಿಂದ ನಾನೇ ಮೈಕ್ ಹಿಡಿದು, ಅಂಜದೆ ಹೇಳಿ ಎಂದು ಎಲ್ಲರನ್ನೂ ಕೇಳುತ್ತೇನೆ."

ಅಜ್ಜ ಅವನ ಬಿಳಿ ಅಂಗಿಯ ಹೆಗಲನ್ನು ನೋಡಿದ. ಅಲ್ಲಿ ಇಸ್ತ್ರಿಯ ಗೆರೆ ಇತ್ತು, ದವಸದ ಧೂಳು ಇರಲಿಲ್ಲ.

"ನೀನು ಕೊನೆಯ ಸಲ ಮೂಟೆ ಹೊತ್ತಿದ್ದು ಯಾವಾಗ, ತಿಪ್ಪೇಶಿ?"