ಗಿಳಿ ಬರೆದ ಸಂಧಿಪತ್ರ

ಏಪ್ರಿಲ್ ಒಂಬತ್ತು, ಬಿರುಬಿಸಿಲು. ವಕೀಲರ ಮನೆಯ ಪಂಜರದಲ್ಲಿ ಇಂಗ್ಲಿಷ್ ಕಲಿತಿದ್ದ ಗಿಳಿ, ಜೇನುಹುಳುಗಳಿಗೂ ಕಣಜದ ಹುಳುಗಳಿಗೂ ಸಂಧಿಪತ್ರ ಬರೆಯುತ್ತಿತ್ತು.

"ಯುದ್ಧ 'ಎಂಡ್' ಆಯಿತೆಂದು ಬರೆಯಪ್ಪ," ಎಂದಳು ರಾಣಿಜೇನು.

"ಅದು ಮಕ್ಕಳ ಮಾತು, ತಾಯಿ. 'ಸಸ್ಪೆಂಡ್' ಎಂದರೆ ಗತ್ತಿರುತ್ತದೆ."

ಕಣಜ ರುಜು ಹಾಕಿತು. ರಾಣಿ ಅಂದೇ ಗೂಡಿನ ಕಾವಲು ತೆಗೆಸಿದಳು.

ಮಳೆಗಾಲ ಕಳೆದ ಮೇಲೆ, ಜೇನಿನ ಮರದಿಂದ ಇಳಿಯುತ್ತಿದ್ದ ಕಣಜವನ್ನು ಕಂಡು ಗಿಳಿ ಗದರಿತು: "ಇಲ್ಲೇನು ಕೆಲಸ? ಕರಾರು ಮರೆತೆಯಾ?"

"ಮರೆತಿಲ್ಲ, ಪಂಡಿತರೇ. ಸಸ್ಪೆಂಡ್ ಆದ ಗುಮಾಸ್ತ ಮತ್ತೆ ಕುರ್ಚಿಗೆ ಬರುವುದಿಲ್ಲವೇ? ಹಾಗೆ ನಾವೂ ಬಂದೆವು."

"ರಾಣಿ ಏನೆಂದಳು?"

"ನಿಮ್ಮನ್ನೇ ಕೂಗುತ್ತಿದ್ದಳು," ಎಂದು ಕಣಜ ಬಾಯಿ ಒರೆಸಿಕೊಂಡಿತು. "ಮೊದಲು ಮರಿಗಳನ್ನು ತಿಂದೆವು. ಕೊನೆಗೆ ಅವಳನ್ನೂ."