ಕಂದರ ಹಿಡಿದ ಕ್ಯಾಮೆರಾ

ಬಂಡೆಗಾಡಿನ ಕಂದರ ನೋಡಲು ಮೂರು ಕಾಲಿನ ಕ್ಯಾಮೆರಾವೊಂದು ಬಸ್ಸಿಳಿದು ಬಂತು. ಕಂದರವನ್ನು ಇಡಿಯಾಗಿ ಹಿಡಿದೇ ತೀರಬೇಕೆಂಬುದು ಅದರ ಹಟ.

"ಕೆಳಗಿಳಿದು ಬನ್ನಿ ಸ್ವಾಮಿ, ತಂಪಾದ ಮಡುವಿದೆ," ಎಂದು ಅಂಚಿನಲ್ಲಿ ಬಿಸಿಲು ಕಾಯಿಸುತ್ತಿದ್ದ ಉಡ ಕರೆಯಿತು.

"ಇಳಿದರೆ ಪೂರ್ತಿ ಸಿಗುವುದಿಲ್ಲ. ನಾನೇನು ಸಾಮಾನ್ಯ ಪ್ರವಾಸಿಯೇ?" ಎಂದು ಕ್ಯಾಮೆರಾ ಹಿಂದೆ ಸರಿಯಿತು. ಒಂದು ತುದಿ ಸಿಕ್ಕರೆ ಇನ್ನೊಂದು ತಪ್ಪುತ್ತಿತ್ತು. ಸರಿದು ಸರಿದು, ಬಸ್ಸನ್ನೂ ದಾಟಿ, ದೂರದ ಗುಡ್ಡ ಹತ್ತಿದ ಮೇಲೆ ಕಂದರ ಪೂರ್ತಿ ಸಿಕ್ಕಿತು.

ಅದು ಏದುಸಿರು ಬಿಡುತ್ತ ಮರಳುವಷ್ಟರಲ್ಲಿ ಬಸ್ಸು ಹೊರಡಲು ಹಾರನ್ ಹೊಡೆಯುತ್ತಿತ್ತು.

"ನೋಡಯ್ಯಾ, ನಿನ್ನ ಇಡೀ ಕಂದರ!" ಎಂದು ಬೀಗುತ್ತ ಚಿತ್ರ ತೋರಿಸಿತು.

ಅಲ್ಲಿದ್ದದ್ದು ಕೂದಲೆಳೆಯಷ್ಟು ಗೀರು. ಉಡ ಕತ್ತು ಚಾಚಿ ನೋಡಿ ಮರುಗಿತು.

"ಅಯ್ಯೋ ಪಾಪ, ಇಷ್ಟು ಸಣ್ಣ ಬಿರುಕು ನೋಡಲು ಅಷ್ಟು ದೂರದಿಂದ ಬಂದಿರಾ ಸ್ವಾಮಿ?"